ಎಂಟು ನಿಮಿಷಕ್ಕೆ ಸಾಯುತ್ತಿದ್ದ ಪ್ಯಾರಮೀಸಿಯಂ: ಸ್ಲೈಡ್, ಕವರ್‌ಸ್ಲಿಪ್ ಆಯ್ಕೆಯ ಒಂದು ಪ್ರಕರಣ

ಅಣ್ಣನ ಮಗಳು ಫೋನ್ ಮಾಡಿದ್ದಳು. "ಚಿಕ್ಕಪ್ಪ, ಮೈಕ್ರೋಸ್ಕೋಪಿನ 40 ಎಕ್ಸ್ ಲೆನ್ಸ್, ಅದೇ 40 ಪಟ್ಟು ದೊಡ್ಡದು ಮಾಡೋದು, ಹೋಗಿದೆ ಅನ್ಸುತ್ತೆ. 10 ಎಕ್ಸ್‌ನಲ್ಲಿ ಎಲ್ಲ ಚೆನ್ನಾಗಿ ಕಾಣುತ್ತೆ. 40ಕ್ಕೆ ತಿರುಗಿಸಿದ್ರೆ ಮಂಜು ಕವಿದ ಹಾಗೆ. ಬೇರೆ ಲೆನ್ಸ್ ತರಿಸಬೇಕಾ?"

ತರಿಸಬೇಡ, ಮೊದಲು ನೋಡೋಣ ಅಂದೆ. ಇಂಥ ದೂರು ಕೇಳಿದಾಗ ಲೆನ್ಸ್ ನಿಜವಾಗಿ ಕೆಟ್ಟಿರುವುದು ಅಪರೂಪ.

ಅವಳ ಕೆಲಸ ಹೀಗಿತ್ತು. ಪದವಿಯ ಮೊದಲ ವರ್ಷದ ಪ್ರಾಜೆಕ್ಟು. ಕೊಳದ ನೀರಿನ ಒಂದು ಪ್ಯಾರಮೀಸಿಯಂ, ಅಂದರೆ ಒಂದೇ ಕೋಶದ ಸೂಕ್ಷ್ಮಜೀವಿ, ಆರಿಸಿಕೊಂಡು, ಅದರ ಸಂಕೋಚಕ ರಸದಾನಿ ಎಷ್ಟು ಸೆಕೆಂಡಿಗೊಮ್ಮೆ ಕುಗ್ಗುತ್ತದೆ ಎಂದು ಹತ್ತು ನಿಮಿಷ ವಿಡಿಯೊ ಮಾಡಿ ಎಣಿಸಬೇಕು. ಸಿಹಿನೀರಿನಲ್ಲಿರುವ ಈ ಜೀವಿಯ ಮೈಯೊಳಗೆ ನೀರು ಸದಾ ನುಗ್ಗುತ್ತಿರುತ್ತದೆ. ಅದನ್ನು ಹೊರಗೆ ಹಾಕುವ ಪಂಪು ಈ ರಸದಾನಿ. ಪ್ಯಾರಮೀಸಿಯಂ ಕಾಡೇಟಮ್‌ನಲ್ಲಿ ಅಂಥವು ಎರಡು, ದೇಹದ ಎರಡು ತುದಿಯ ಕಡೆ ಒಂದೊಂದು. ಸುತ್ತ ನಕ್ಷತ್ರದ ಕಿರಣಗಳಂತೆ ಸಣ್ಣ ನಾಳಗಳು. ತುಂಬುತ್ತದೆ, ಪಟ್ಟನೆ ಕುಗ್ಗುತ್ತದೆ, ಮತ್ತೆ ತುಂಬುತ್ತದೆ. ನೋಡುತ್ತ ಕೂತರೆ ಸಮಯ ಹೋದದ್ದೇ ತಿಳಿಯುವುದಿಲ್ಲ.

ಇಲ್ಲಿ ಒಂದು ತೊಡಕಿದೆ. ಸುತ್ತಲಿನ ನೀರಿನಲ್ಲಿ ಲವಣ ಜಾಸ್ತಿಯಾದರೆ ಈ ಪಂಪು ನಿಧಾನವಾಗುತ್ತದೆ. ಜೀವಿಯನ್ನು ಒತ್ತಿ ಹಿಡಿದರೂ ಲಯ ತಪ್ಪುತ್ತದೆ. ಹಾಗಾಗಿ ಪ್ಯಾರಮೀಸಿಯಂ ಕಂಡರಷ್ಟೇ ಸಾಲದು, ನೆಮ್ಮದಿಯಾಗಿ ಬದುಕಿದ್ದಾಗ ಕಾಣಬೇಕು. ಅವಳ ಎರಡನೇ ದೂರು ಇದೇ. ಮಾತಿನ ಕೊನೆಗೆ ಸುಮ್ನೆ ಸೇರಿಸಿದ್ದಳು: "ಎಂಟು ನಿಮಿಷಕ್ಕೆ ಎಲ್ಲ ಸತ್ತೇ ಹೋಗ್ತವೆ."

ನನಗೆ ಮಂಜಿಗಿಂತ ಈ ಮಾತೇ ಹೆಚ್ಚು ಕುತೂಹಲ ಹುಟ್ಟಿಸಿತು.

ಮೊದಲ ಪರೀಕ್ಷೆ, ಮೊದಲ ತಪ್ಪು

ಮನೆಗೆ ಹೋದವನೇ ಅವಳ ಬಳಿ ಇದ್ದ ಒಂದು ಸಿದ್ಧ ಸ್ಲೈಡ್ ಕೇಳಿದೆ. ಈರುಳ್ಳಿ ಬೇರಿನ ತುದಿಯದ್ದು. ಕಾರ್ಖಾನೆಯಲ್ಲೇ ಗಾಜಿನ ಕವರ್‌ಸ್ಲಿಪ್, ಅಂದರೆ ಮೇಲೆ ಮುಚ್ಚುವ ತೆಳು ಹಾಳೆ, ಅಂಟಿಸಿ ಬಂದದ್ದು. 40 ಎಕ್ಸ್‌ನಲ್ಲಿ ಇಟ್ಟರೆ ಕೋಶದೊಳಗಿನ ವರ್ಣತಂತುಗಳು ಗೆರೆ ಎಳೆದಂತೆ ಕಂಡವು. ಅಲ್ಲಿಗೆ ಲೆನ್ಸ್ ಹಾಳಾಗಿಲ್ಲ ಎನ್ನುವುದು ಎರಡೇ ನಿಮಿಷದಲ್ಲಿ ತೀರ್ಮಾನವಾಯಿತು. ಲೆನ್ಸಿನ ಮೇಲೆ ಅನುಮಾನ ಬಂದರೆ ಮೊದಲು ಮಾಡಬೇಕಾದ ಕೆಲಸ ಇದು. ಆದರೆ ಯಾರೂ ಮಾಡುವುದಿಲ್ಲ.

ಲೆನ್ಸಿನ ಮೂತಿಯನ್ನೂ ನೋಡಿದೆ. ಒಣಗಿದ ನೀರಿನ ಕಲೆ ಇತ್ತು. ಒಮ್ಮೆ ನೀರು ಜಾಸ್ತಿಯಾಗಿ ಕವರ್‌ಸ್ಲಿಪ್ ತೇಲಾಡಿತ್ತಂತೆ, ಲೆನ್ಸ್ ತಿರುಗಿಸುವಾಗ ಒದ್ದೆಯಾಗಿತ್ತಂತೆ. ಭಟ್ಟಿ ಇಳಿಸಿದ ನೀರಿನಲ್ಲಿ ಲೆನ್ಸ್ ಪೇಪರ್ ಅದ್ದಿ ಒರೆಸಿದೆ. ಸ್ವಲ್ಪ ಸುಧಾರಿಸಿತು. ಆದರೆ ಅವಳ ಕೊಳದ ನೀರು ಇಟ್ಟರೆ ಮಂಜು ಹಾಗೇ ಇತ್ತು.

ಆಮೇಲೆ ನಾನೇ ಒಂದು ತಪ್ಪು ಮಾಡಿದೆ. ಸ್ಲೈಡುಗಳನ್ನು ಸೋಪಿನಲ್ಲಿ ತೊಳೆದಿದ್ದೆ ಎಂದಳು. ಸೋಪಿನ ಅಂಶ ಉಳಿದರೆ ಇಂಥ ಜೀವಿಗಳು ಸಾಯುತ್ತವೆ, ನಿಜ. ಹಾಗಾಗಿ ಸಾವಿಗೆ ಅದೇ ಕಾರಣ ಎಂದು ಖಚಿತವಾಗಿ ಹೇಳಿಬಿಟ್ಟೆ. ಇಬ್ಬರೂ ಕೂತು ಇಪ್ಪತ್ತು ಸ್ಲೈಡುಗಳನ್ನು ಹರಿಯುವ ನೀರಿನಲ್ಲಿ ಜಾಲಿಸಿ, ಸ್ಪಿರಿಟ್‌ನಲ್ಲಿ ಒರೆಸಿದೆವು. ಅರ್ಧ ಗಂಟೆ ಹೋಯಿತು. ಮತ್ತೆ ನೋಡಿದರೆ ಒಂಬತ್ತನೇ ನಿಮಿಷಕ್ಕೆ ಪ್ಯಾರಮೀಸಿಯಂ ಮೈಮೇಲೆ ಗುಳ್ಳೆ ಎದ್ದು ಒಡೆಯಿತು. "ಸೋಪಲ್ಲ ಅಲ್ವಾ ಚಿಕ್ಕಪ್ಪ?" ಅಂದಳು. ಅಲ್ಲ.

ತೊಳೆದದ್ದು ಪೂರ್ತಿ ದಂಡವಾಗಲಿಲ್ಲ ಅನ್ನಿ. ಹೊಸ ಪೆಟ್ಟಿಗೆಯ ಸ್ಲೈಡಿಗೂ ಗಾಜಿನ ಪುಡಿ, ಜಿಡ್ಡು ಅಂಟಿರುತ್ತದೆ. ಒಂದು ಹನಿ ಬಿಟ್ಟು ನೋಡಿದರೆ ಗೊತ್ತಾಗುತ್ತದೆ. ಹನಿ ಹರಡಿಕೊಂಡರೆ ಸ್ಲೈಡ್ ಶುದ್ಧ. ಮಣಿಯಂತೆ ಗುಂಡಗೆ ನಿಂತರೆ ಜಿಡ್ಡಿದೆ.

ಮೇಜಿನ ಮೇಲಿದ್ದ ಸಾಮಾನು

ಅವಳ ಬಳಿ ಎರಡು ಬಗೆಯ ಸ್ಲೈಡ್ ಇದ್ದವು. ಒಂದು ಮಾಮೂಲಿ ಚಪ್ಪಟೆ ಸ್ಲೈಡ್, 75 ಮಿ.ಮೀ. ಉದ್ದ, 25 ಅಗಲ, ಸುಮಾರು 1 ಮಿ.ಮೀ. ದಪ್ಪ. ಇನ್ನೊಂದು ಕ್ಯಾವಿಟಿ ಸ್ಲೈಡ್, ಅಂದರೆ ನಡುವೆ ಬಟ್ಟಲಿನಂತೆ ಸಣ್ಣ ಗುಳಿ ಇರುವಂಥದ್ದು. ಕವರ್‌ಸ್ಲಿಪ್‌ನಲ್ಲೂ ಎರಡು ಬಗೆ: ಮೈಕ್ರೋಸ್ಕೋಪಿನ ಜೊತೆ ಬಂದ ಪ್ಲಾಸ್ಟಿಕ್‌ದು, ಆಮೇಲೆ ತರಿಸಿದ ಗಾಜಿನದು. ಎರಡೂ 22 ಮಿ.ಮೀ. ಚೌಕ.

ಅವಳು ಶುರು ಮಾಡಿದ್ದು ಕ್ಯಾವಿಟಿ ಸ್ಲೈಡ್, ಪ್ಲಾಸ್ಟಿಕ್ ಕವರ್‌ಸ್ಲಿಪ್‌ನಿಂದ. ಜೀವ ಇರುವುದಕ್ಕೆ ನೀರು ಜಾಸ್ತಿ ಇರಲಿ, ಪ್ಲಾಸ್ಟಿಕ್ ಆದರೆ ಒಡೆಯುವುದಿಲ್ಲ ಎನ್ನುವ ಲೆಕ್ಕ. ಮಂಜು ಬಂದದ್ದು ಇದರಲ್ಲಿ. ಬೇಸತ್ತು ಚಪ್ಪಟೆ ಸ್ಲೈಡ್, ಗಾಜಿನ ಕವರ್‌ಸ್ಲಿಪ್‌ಗೆ ಬದಲಾಯಿಸಿದಾಗ ಮಂಜು ಬಹುಪಾಲು ಹೋಯಿತು. ಆದರೆ ಸಾವು ಶುರುವಾಯಿತು. ಹೇಳುವಾಗ ಎರಡನ್ನೂ ಕಲಸಿ ಹೇಳಿದ್ದಳು. ಬಿಡಿಸಿ ನೋಡಿದರೆ ಇವು ಎರಡು ಬೇರೆ ಕಾಯಿಲೆ.

ಮಂಜು ಎಲ್ಲಿಂದ ಬಂತು

40 ಎಕ್ಸ್ ಲೆನ್ಸಿನ ಮೈಮೇಲೆ 0.65 ಎಂದು ಒಂದು ಸಾಲು, 160/0.17 ಎಂದು ಇನ್ನೊಂದು ಸಾಲು ಕೊರೆದಿತ್ತು. 0.65 ಎಂದರೆ ಲೆನ್ಸ್ ಎಷ್ಟು ಅಗಲ ಕೋನದ ಬೆಳಕು ತೆಗೆದುಕೊಳ್ಳುತ್ತದೆ ಎನ್ನುವ ಅಳತೆ. 160 ಎಂದರೆ ಮೈಕ್ರೋಸ್ಕೋಪಿನ ಕೊಳವೆಯ ಉದ್ದ, ಮಿ.ಮೀ. ಲೆಕ್ಕದಲ್ಲಿ. ಹೊಸ ಮಾದರಿಗಳಲ್ಲಿ ಆ ಜಾಗದಲ್ಲಿ ಮಲಗಿದ ಎಂಟರ ಗುರುತು ಇರುತ್ತದೆ. ನಮಗೆ ಬೇಕಾದದ್ದು 0.17. ಈ ಲೆನ್ಸ್ ಮತ್ತು ಜೀವಿಯ ನಡುವೆ 0.17 ಮಿ.ಮೀ. ಗಾಜು ಇರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಲೆನ್ಸ್ ಉಜ್ಜಿದ್ದಾರೆ ಎಂದು ಅರ್ಥ. ಕವರ್‌ಸ್ಲಿಪ್ ಅಂದರೆ ಲೆನ್ಸಿನ ಕೊನೆಯ ಗಾಜು ಎಂದುಕೊಳ್ಳಿ. ಪ್ರತಿ ಸಲ ನಾವೇ ಅದನ್ನು ಜೋಡಿಸುತ್ತೇವೆ, ಅಷ್ಟೆ.

4 ಎಕ್ಸ್, 10 ಎಕ್ಸ್ ಲೆನ್ಸುಗಳಿಗೆ ಇದರ ಚಿಂತೆಯಿಲ್ಲ. ಅವು ಬೆಳಕನ್ನು ಕಿರಿದಾದ ಕೋನದಲ್ಲಿ ತೆಗೆದುಕೊಳ್ಳುತ್ತವೆ. 0.65 ಇರುವ ಲೆನ್ಸ್ ಅಗಲ ಕೋನದಲ್ಲಿ ತೆಗೆದುಕೊಳ್ಳುತ್ತದೆ. ಗಾಜಿನ ದಪ್ಪ ತಪ್ಪಿದರೆ ಅಂಚಿನ ಕಿರಣಗಳು ಒಂದು ಕಡೆ, ನಡುವಿನ ಕಿರಣಗಳು ಇನ್ನೊಂದು ಕಡೆ ಸೇರುತ್ತವೆ. ಆಗ ಕಾಣುವುದೇ ಆ ಹಾಲಿನಂಥ ಮಂಜು. 10ರಲ್ಲಿ ಚೆನ್ನ, 40ರಲ್ಲಿ ಮಂಜು ಎನ್ನುವ ದೂರು ಬಂದರೆ ನಾನು ಮೊದಲು ಅನುಮಾನಿಸುವುದು ಕವರ್‌ಸ್ಲಿಪ್ಪನ್ನೇ.

ಅಳೆದು ನೋಡೋಣ ಎಂದೆ. ಭೌತಶಾಸ್ತ್ರದ ಲ್ಯಾಬಿನ ಸ್ಕ್ರೂ ಗೇಜ್ ಅವಳೇ ಕೇಳಿ ತಂದಳು. ಒಂದೊಂದೇ ಅಳೆಯುವ ಬದಲು ಹತ್ತು ಒಟ್ಟಿಗೆ ಪೇರಿಸಿ, ಬಂದದ್ದನ್ನು ಹತ್ತರಿಂದ ಭಾಗಿಸಿದೆವು. ಪ್ಲಾಸ್ಟಿಕ್‌ದು ತಲಾ 0.24 ಮಿ.ಮೀ. ಗಾಜಿನದು 0.146. ಗಾಜಿನ ಕವರ್‌ಸ್ಲಿಪ್‌ಗಳನ್ನು ದಪ್ಪದ ಮೇಲೆ ನಂಬರ್ ಕೊಟ್ಟು ವಿಂಗಡಿಸುತ್ತಾರೆ. ನಂ. 1 ಎಂದರೆ 0.13ರಿಂದ 0.16. ನಂ. 1.5 ಎಂದರೆ 0.16ರಿಂದ 0.19. ನಂ. 2 ಅದಕ್ಕಿಂತ ದಪ್ಪ. ನಂ. 0 ತೀರಾ ತೆಳು, ಉಸಿರು ಬಿಟ್ಟರೆ ಹಾರುತ್ತದೆ. ಅವಳ ಗಾಜಿನದು ನಂ. 1 ಆಯಿತು.

ಪ್ಲಾಸ್ಟಿಕ್‌ನ ತಪ್ಪು 0.07 ಮಿ.ಮೀ. ಇಷ್ಟಕ್ಕೇ ಅಷ್ಟೊಂದು ಮಂಜಾ? ಇಲ್ಲ. ದೊಡ್ಡ ಪಾಲು ಗುಳಿಯದ್ದು. ಜೀವಿಯ ಮೇಲೆ ಗಾಜು ಮಾತ್ರ ಇರುವುದಿಲ್ಲ, ನೀರೂ ಇರುತ್ತದೆ. ಕವರ್‌ಸ್ಲಿಪ್‌ಗೂ ತನಗೂ ನಡುವೆ ಎಣ್ಣೆ ಹಾಕದ ಒಣ ಲೆನ್ಸಿಗೆ ಆ ನೀರು ಕೂಡ ಹೆಚ್ಚೂಕಡಿಮೆ ಗಾಜೇ. ವಕ್ರೀಭವನದ ಲೆಕ್ಕ ಹಾಕಿದರೆ 100 ಮೈಕ್ರಾನ್ ನೀರು ಸುಮಾರು 88 ಮೈಕ್ರಾನ್ ಗಾಜಿನಷ್ಟು ಕೆಡಿಸುತ್ತದೆ. ಒಂದು ಮಿ.ಮೀ.ಗೆ ಸಾವಿರ ಮೈಕ್ರಾನ್. ಅರ್ಧ ಮಿ.ಮೀ. ಗುಳಿಯ ತಳದಲ್ಲಿ ಪ್ಯಾರಮೀಸಿಯಂ ಇದ್ದರೆ ಅದರ ಮೇಲೆ 500 ಮೈಕ್ರಾನ್ ನೀರು, ಅಂದರೆ 440 ಮೈಕ್ರಾನ್ ಗಾಜಿಗೆ ಸಮ. ಅದರ ಮೇಲೆ 240 ಮೈಕ್ರಾನ್ ಪ್ಲಾಸ್ಟಿಕ್. ಒಟ್ಟು 680. ಲೆನ್ಸ್ ಕೇಳಿದ್ದು 170. ಪಾಪ, ಲೆನ್ಸನ್ನು ಬೈದು ಏನು ಪ್ರಯೋಜನ?

ಇನ್ನೊಂದು ಸಂಗತಿ. 40 ಎಕ್ಸ್‌ನಲ್ಲಿ ಒಮ್ಮೆಗೆ ಸ್ಪಷ್ಟವಾಗಿ ಕಾಣುವ ಪದರ ಸುಮಾರು 1 ಮೈಕ್ರಾನ್ ಅಷ್ಟೇ. 500 ಮಹಡಿಯ ಕಟ್ಟಡದಲ್ಲಿ ಜೀವಿ ಮನಸ್ಸಿಗೆ ಬಂದ ಹಾಗೆ ಓಡಾಡುತ್ತಿದೆ, ನಮಗೆ ಕಾಣುವುದು ಒಂದೇ ಮಹಡಿ. ಜೊತೆಗೆ ಗುಳಿಯ ತಳ ಬಾಗಿರುವುದರಿಂದ ಅದೇ ಒಂದು ಲೆನ್ಸಿನಂತೆ ಕೆಲಸ ಮಾಡಿ, ನಡುವಿನಿಂದ ಸರಿದ ಕೂಡಲೇ ಬೆಳಕು ಒಂದು ಕಡೆಗೆ ವಾಲುತ್ತದೆ.

ಹಾಗಾದರೆ ಕ್ಯಾವಿಟಿ ಸ್ಲೈಡ್ ಯಾಕಿದೆ? ನೀರು ತುಂಬಿಸಿ 4 ಎಕ್ಸ್‌ನಲ್ಲಿ ನೀರುಚಿಗಟೆಯಂಥ ದೊಡ್ಡವನ್ನು ನೋಡುವುದಕ್ಕೆ ಒಳ್ಳೆಯದು. ಹೆಚ್ಚು ವರ್ಧನೆಗೆ ಅದನ್ನು ಬಳಸುವ ರೀತಿಯೇ ಬೇರೆ. ಕವರ್‌ಸ್ಲಿಪ್‌ಗೆ ಒಂದು ಪುಟ್ಟ ಹನಿ ಅಂಟಿಸಿ, ತಲೆಕೆಳಗು ಮಾಡಿ ಗುಳಿಯ ಮೇಲೆ ಕೂರಿಸುವುದು. ಹನಿ ಗಾಳಿಯಲ್ಲಿ ನೇತಾಡುತ್ತದೆ, ತಳ ಮುಟ್ಟುವುದಿಲ್ಲ. ರಾಬರ್ಟ್ ಕಾಕ್ 1876ರಲ್ಲಿ ಆಂತ್ರಾಕ್ಸ್ ಬ್ಯಾಕ್ಟೀರಿಯಾ ಬೆಳೆದು ಬೀಜಕಣವಾಗುವುದನ್ನು ಹೀಗೆ ನೇತಾಡುವ ಹನಿಯಲ್ಲೇ ನೋಡಿದ್ದು. ಅಲ್ಲಿ ಗುಳಿ ತುಂಬಿಸುವುದಕ್ಕಲ್ಲ, ಖಾಲಿ ಬಿಡುವುದಕ್ಕೆ. ಬ್ಯಾಕ್ಟೀರಿಯಾಕ್ಕೆ ಈ ವಿಧಾನ ಸರಿ. ಓಡುವ ಪ್ಯಾರಮೀಸಿಯಂಗೆ ಹನಿ ಇನ್ನೂ ದಪ್ಪವೇ. ಬೇಡ ಎಂದು ಬದಿಗಿಟ್ಟೆವು.

ಸಾವು ಎಲ್ಲಿಂದ ಬಂತು

ಚಪ್ಪಟೆ ಸ್ಲೈಡಿಗೆ ಬಂದೆವು. ಅವಳು ಹನಿ ಹಾಕುವುದನ್ನು ಸುಮ್ಮನೆ ನಿಂತು ನೋಡಿದೆ. ಡ್ರಾಪರ್ ತುದಿಯನ್ನು ಸ್ಲೈಡಿಗೆ ಮುಟ್ಟಿಸಿ ಪುಟ್ಟ ಹನಿ ಬಿಟ್ಟಳು. ಲೆನ್ಸ್ ಒದ್ದೆಯಾದ ದಿನದಿಂದ ಕೈ ಬಿಗಿಹಿಡಿಯುತ್ತಿದ್ದಳು.

ಕಾಗದದ ಮೇಲೆ ಲೆಕ್ಕ ಹಾಕೋಣ ಎಂದೆ. 22 ಮಿ.ಮೀ. ಚೌಕದ ಕವರ್‌ಸ್ಲಿಪ್ ಎಂದರೆ 484 ಚದರ ಮಿ.ಮೀ. ಅದರ ಕೆಳಗೆ 10 ಮೈಕ್ರೊಲೀಟರ್ ನೀರು ಪೂರ್ತಿ ಹರಡಿದರೆ ಪದರದ ದಪ್ಪ 20 ಮೈಕ್ರಾನ್. ಪ್ಯಾರಮೀಸಿಯಂ ಉದ್ದ 200ರಿಂದ 300 ಮೈಕ್ರಾನ್, ಆದರೆ ಮೈಯ ದಪ್ಪ 50ರ ಆಸುಪಾಸು. 50 ಮೈಕ್ರಾನ್ ದಪ್ಪದ ಪ್ರಾಣಿಯನ್ನು 20 ಮೈಕ್ರಾನ್ ಎತ್ತರದ ಕೋಣೆಗೆ ತಳ್ಳಿದರೆ?

"ಅಯ್ಯೋ," ಅಂದಳು.

ಮೈಕ್ರೊಪಿಪೆಟ್ ಇಲ್ಲದಿದ್ದರೂ ಲೆಕ್ಕ ಕಷ್ಟವಲ್ಲ. ಡ್ರಾಪರ್‌ನಿಂದ ಎಷ್ಟು ಪೂರ್ತಿ ಹನಿ ಬಿಟ್ಟರೆ 1 ಮಿಲಿಲೀಟರ್ ಆಗುತ್ತದೆ ಎಂದು ಎಣಿಸಿದರೆ ಸಾಕು. ಇವಳ ಡ್ರಾಪರ್‌ಗೆ ಇಪ್ಪತ್ತು. ಅಂದರೆ ಒಂದು ಹನಿ 50 ಮೈಕ್ರೊಲೀಟರ್. 22ರ ಕವರ್‌ಸ್ಲಿಪ್ ಕೆಳಗೆ ಅದು ಸುಮಾರು 100 ಮೈಕ್ರಾನ್ ಕೊಡುತ್ತದೆ. ಅದೇ ಹನಿಯ ಮೇಲೆ 18 ಮಿ.ಮೀ. ಚೌಕದ್ದನ್ನು ಇಟ್ಟರೆ 150ಕ್ಕೂ ಹೆಚ್ಚು, ಆಗ ತೇಲಾಟ ಶುರು. ನೀರು ಜಾಸ್ತಿಯಾದಾಗ ಕಮ್ಮಿ ಮಾಡಬೇಕು ಎನ್ನುವುದು ಎಲ್ಲರಿಗೂ ಹೊಳೆಯುತ್ತದೆ. ದೊಡ್ಡ ಕವರ್‌ಸ್ಲಿಪ್ ಹಾಕಬಹುದು ಎನ್ನುವುದು ಹೊಳೆಯುವುದಿಲ್ಲ.

ಶುರುವಿನಲ್ಲಿ ಜಾಗ ಸರಿಯಿದ್ದರೂ ಅದು ಹಾಗೇ ಉಳಿಯುವುದಿಲ್ಲ. ಅಂಚಿನಿಂದ ನೀರು ಆರುತ್ತಲೇ ಇರುತ್ತದೆ. ಆರಿದಷ್ಟೂ ಕವರ್‌ಸ್ಲಿಪ್ ಕೆಳಗಿಳಿಯುತ್ತದೆ. ಅದರ ತೂಕ ಬರೀ 0.2 ಗ್ರಾಂ. ಒತ್ತುವುದು ತೂಕ ಅಲ್ಲ. ಎರಡು ಗಾಜನ್ನು ಒಂದಕ್ಕೊಂದು ಎಳೆದು ಹಿಡಿಯುವ ನೀರಿನ ಸೆಳೆತ. ಎರಡು ಒದ್ದೆ ಸ್ಲೈಡುಗಳನ್ನು ಬಿಡಿಸಲು ಪರದಾಡಿದವರಿಗೆ ಆ ಸೆಳೆತ ಎಷ್ಟೆಂದು ಗೊತ್ತು. ಪದರ ತೆಳುವಾದಷ್ಟೂ ಎಳೆತ ಜಾಸ್ತಿ. ಮೊದಲು ಜೀವಿಯ ಓಟ ನಿಧಾನವಾಗುತ್ತದೆ. ಆಗ ನಮಗೆ ಖುಷಿ, ಈಗ ಚೆನ್ನಾಗಿ ಕಾಣುತ್ತಿದೆ ಎಂದು. ಆಮೇಲೆ ಮೈ ಅಗಲವಾಗುತ್ತದೆ. ರಸದಾನಿ ನಿಧಾನಿಸುತ್ತದೆ. ಪಕ್ಕದಲ್ಲಿ ಗುಳ್ಳೆ ಏಳುತ್ತದೆ. ಒಡೆಯುತ್ತದೆ. ಇವಳ ಎಂಟು ನಿಮಿಷದ ಕತೆ ಇದೇ. ಹಳೆಯ ವಿಡಿಯೊಗಳನ್ನು ತೆಗೆದು ನೋಡಿದೆವು. ಪ್ರತಿಯೊಂದರಲ್ಲೂ ಪ್ಯಾರಮೀಸಿಯಂ ನಿಮಿಷ ನಿಮಿಷಕ್ಕೂ ಅಗಲವಾಗುತ್ತ ಹೋಗಿತ್ತು. ಕಣ್ಣೆದುರೇ ಇದ್ದದ್ದು.

ಅಷ್ಟೇ ಅಲ್ಲ, ನೀರು ಆರುವಾಗ ಅದರಲ್ಲಿನ ಲವಣ ಆರುವುದಿಲ್ಲ. ಉಳಿದ ನೀರಿನಲ್ಲಿ ಲವಣದ ಪ್ರಮಾಣ ಏರುತ್ತದೆ. ಅವಳು ಎಣಿಸಬೇಕಾದ ಲಯವನ್ನು ಸ್ಲೈಡೇ ಬದಲಾಯಿಸುತ್ತಿತ್ತು.

ಏನು ಆರಿಸಿದೆವು

ಇಂಥ ಕೆಲಸಕ್ಕೆ ಗಾಜಿನಿಂದ ಯೋಚನೆ ಶುರು ಮಾಡಬಾರದು ಅನ್ನುವುದು ನನ್ನ ಅನುಭವ. ಮೊದಲು ಜೀವಿಗೆ ಎಷ್ಟು ಎತ್ತರದ ಜಾಗ ಬೇಕು ಎಂದು ನಿರ್ಧರಿಸಬೇಕು. ಗಾಜಿನ ನಂಬರ್ ಅದಾದ ಮೇಲೆ ತಾನಾಗಿ ಬರುತ್ತದೆ. ಪ್ಯಾರಮೀಸಿಯಂ ಮೈಗಿಂತ ಒಂಚೂರು ಮಾತ್ರ ಕಡಿಮೆ, 40 ಮೈಕ್ರಾನ್ ಸುಮಾರಿನ ಜಾಗ ಸಾಕು ಎಂದುಕೊಂಡೆವು. ಓಡದಂತೆ ಹಿಡಿದಿರಬೇಕು, ಹಿಂಡಬಾರದು.

ಆ ಎತ್ತರ ನಿಲ್ಲಿಸಲು ಬೇಕಾದದ್ದು ವ್ಯಾಸಲೀನ್. ಹಲ್ಲುಕಡ್ಡಿಯ ತುದಿಯಲ್ಲಿ ಚೂರು ತೆಗೆದುಕೊಂಡು ಕವರ್‌ಸ್ಲಿಪ್‌ನ ನಾಲ್ಕು ಮೂಲೆಗೂ ಒಂದೊಂದು ಚುಕ್ಕೆ ಇಡುವುದು. ನಾಲ್ಕು ಕಾಲಿನ ಮಣೆ ಅನ್ನಿ. ಹನಿಯ ಮೇಲೆ ಒಂದು ಅಂಚಿನಿಂದ ಓರೆಯಾಗಿ ಇಳಿಸಿದರೆ ಗಾಳಿಗುಳ್ಳೆ ಸೇರುವುದಿಲ್ಲ. ಆಮೇಲೆ 10 ಎಕ್ಸ್‌ನಲ್ಲಿ ನೋಡುತ್ತಲೇ ಸೂಜಿಯಿಂದ ಒಂದೊಂದೇ ಮೂಲೆಯನ್ನು ಮೆಲ್ಲಗೆ ಒತ್ತುವುದು, ಹೆಚ್ಚಾದ ನೀರನ್ನು ಅಂಚಿನಲ್ಲಿ ಫಿಲ್ಟರ್ ಪೇಪರ್‌ನಿಂದ ಹೀರುವುದು. ಪ್ಯಾರಮೀಸಿಯಂ ಇದ್ದಲ್ಲೇ ತಿರುಗಾಡತೊಡಗಿದ ಕೂಡಲೇ ನಿಲ್ಲಿಸಬೇಕು. ಕೊನೆಗೆ ಸುತ್ತಲೂ ವ್ಯಾಸಲೀನ್ ಎಳೆದು ಮುಚ್ಚಿದರೆ ನೀರು ಆರುವುದಿಲ್ಲ. ಗಾಳಿಯೂ ಆಡುವುದಿಲ್ಲ, ನಿಜ. ಹತ್ತಿಪ್ಪತ್ತು ನಿಮಿಷಕ್ಕೆ ಒಳಗಿರುವ ಆಮ್ಲಜನಕ ಸಾಕಾಗುತ್ತದೆ, ಜೀವಿಗಳು ಕಿಕ್ಕಿರಿದಿರಬಾರದು ಅಷ್ಟೇ. ಒಂದೆರಡು ಹಸಿರು ಪಾಚಿ ಎಳೆ ಇದ್ದರೆ ಇನ್ನೂ ಒಳ್ಳೆಯದು, ಬೆಳಕಿನಲ್ಲಿ ಅವೇ ಆಮ್ಲಜನಕ ಕೊಡುತ್ತವೆ.

ಮೀಥೈಲ್ ಸೆಲ್ಯುಲೋಸ್ ಹಾಕಿ ನೀರನ್ನು ಲೋಳೆ ಮಾಡಿ ಓಟ ತಗ್ಗಿಸುವ ಉಪಾಯವೂ ಇದೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಪಂಪಿನ ಲಯ ಎಣಿಸುವಾಗ ನೀರಿಗೆ ಇನ್ನೊಂದು ವಸ್ತು ಬೆರೆಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ಇನ್ನು ಗಾಜಿನ ನಂಬರ್. "ಎಲ್ಲ ಕಡೆ 1.5 ತಗೋ ಅಂತಾರೆ, ನನ್ನದು ನಂ. 1. ಬೇರೆ ತರಿಸ್ಲಾ?" ಅಂದಳು. ಅಂಟಿಸಿಟ್ಟ ಸ್ಲೈಡಿಗೆ, ಜೀವಿ ಕವರ್‌ಸ್ಲಿಪ್‌ಗೆ ಅಂಟಿಕೊಂಡೇ ಇದ್ದಾಗ, 1.5 ಸರಿ. ಇಲ್ಲಿ ಜೀವಿಯ ಮೇಲೆ ನೀರಿದೆ. 40 ಮೈಕ್ರಾನ್ ಪದರದ ನಡುಮಟ್ಟದಲ್ಲಿ ರಸದಾನಿ ಇದೆ ಎಂದುಕೊಂಡರೆ ಮೇಲೆ 20 ಮೈಕ್ರಾನ್. ಗಾಜಿನ ಲೆಕ್ಕದಲ್ಲಿ 17, 18. ನಂ. 1ರ 146ಕ್ಕೆ ಸೇರಿಸಿದರೆ 164. ನಂ. 1.5ರ ನಡುವಿನ ದಪ್ಪ 175ಕ್ಕೆ ಸೇರಿಸಿದರೆ 193. ಬೇಕಾದದ್ದು 170. ಯಾವುದು ಹತ್ತಿರ? ಜೀವಿಗಳಿರುವ ನೀರಿಗೆ ಒಣ 40 ಎಕ್ಸ್ ಬಳಸುವವರು ನಂ. 1 ಇಟ್ಟುಕೊಂಡರೆ ನಷ್ಟವಿಲ್ಲ, ಲಾಭವೇ.

ಎಣ್ಣೆ ಹಾಕುವ 100 ಎಕ್ಸ್‌ನ ಕತೆ ಬೇರೆ. ಎಣ್ಣೆ ಮತ್ತು ಗಾಜು ಬೆಳಕಿಗೆ ಒಂದೇ ಥರ, ಹಾಗಾಗಿ ಗಾಜಿನ ದಪ್ಪ ಚಿತ್ರವನ್ನು ಕೆಡಿಸುವುದಿಲ್ಲ. ಆದರೆ ಆ ಲೆನ್ಸ್ ಕವರ್‌ಸ್ಲಿಪ್‌ಗೆ ಮುತ್ತಿಡುವಷ್ಟು ಹತ್ತಿರ ಬರಬೇಕು. ದಪ್ಪ ಗಾಜಾದರೆ ಜೀವಿಯನ್ನು ತಲುಪುವುದೇ ಇಲ್ಲ. ಅಲ್ಲೂ ನಂ. 1ಕ್ಕೆ ನನ್ನ ಓಟು.

ಫಲಿತಾಂಶ

ಮೊದಲ ಎರಡು ಸ್ಲೈಡ್ ಕೆಟ್ಟವು. ಒಂದರಲ್ಲಿ ಮೂಲೆ ಜೋರಾಗಿ ಒತ್ತಿ ಗಾಜು ಸೀಳಿತು. ಇನ್ನೊಂದರಲ್ಲಿ ಎಲ್ಲ ಸರಿಯಿತ್ತು, ಪ್ಯಾರಮೀಸಿಯಂ ಮಾತ್ರ ಹೀರಿದ ನೀರಿನ ಜೊತೆ ಪೇಪರ್ ಸೇರಿತ್ತು.

ಮೂರನೆಯದು ಕೂತಿತು. ಪದರದ ದಪ್ಪ ನಿಜಕ್ಕೂ ಎಷ್ಟಿದೆ ಎಂದು ನೋಡುವ ಆಸೆಯಾಯಿತು. ಸ್ಲೈಡ್ ಮೇಲಿನ ಒಂದು ಧೂಳಿಗೆ ಫೋಕಸ್ ಮಾಡಿ, ಆಮೇಲೆ ಕವರ್‌ಸ್ಲಿಪ್‌ನ ಕೆಳಮೈಯ ಧೂಳಿಗೆ ಫೋಕಸ್ ಮಾಡಿ, ಸೂಕ್ಷ್ಮ ತಿರುಪಿನಲ್ಲಿ ಎಷ್ಟು ಗೀಟು ಸರಿಯಿತು ಎಂದು ಎಣಿಸಿದೆವು. ಇವಳ ಮೈಕ್ರೋಸ್ಕೋಪಿನಲ್ಲಿ ಒಂದು ಗೀಟಿಗೆ 2 ಮೈಕ್ರಾನ್. ಹದಿನಾರು ಗೀಟು, 32 ಮೈಕ್ರಾನ್. ನೀರಿನಲ್ಲಿ ಆಳ ಕಡಿಮೆ ಕಾಣುವುದರಿಂದ 1.33ರಿಂದ ಗುಣಿಸಬೇಕು. 42 ಅಥವಾ 43. ಅಂದಾಜು ಇಷ್ಟು ಸರಿಬಂದದ್ದು ನನಗೇ ಆಶ್ಚರ್ಯ.

40 ಎಕ್ಸ್‌ಗೆ ತಿರುಗಿಸಿದಳು. ಮಂಜಿಲ್ಲ. ಅಂಚಿನಲ್ಲಿ ಲೋಮಾಂಗಗಳ, ಅಂದರೆ ಈಜಲು ಬಳಸುವ ಕೂದಲಿನಂಥ ಎಳೆಗಳ, ಅಲೆ, ಒಳಗೆ ನಕ್ಷತ್ರ. ದೇಹದ ಮುಂಭಾಗದ ರಸದಾನಿ ಹತ್ತರಿಂದ ಹನ್ನೆರಡು ಸೆಕೆಂಡಿಗೊಮ್ಮೆ ಕುಗ್ಗುತ್ತಿತ್ತು. ಹತ್ತು ನಿಮಿಷ ಆಯಿತು, ಲಯ ಅದೇ. ಇಪ್ಪತ್ತು ಆಯಿತು. ಇಪ್ಪತ್ತೈದನೇ ನಿಮಿಷಕ್ಕೆ ಅವಳೇ ಕ್ಯಾಮೆರಾ ನಿಲ್ಲಿಸಿದಳು, ಜೀವಿ ಇನ್ನೂ ಗಟ್ಟಿಮುಟ್ಟಾಗಿತ್ತು. ಆಮೇಲೆ ಹೋಲಿಕೆಗೆ ಬೇರೆ ಸ್ಲೈಡಿನಲ್ಲಿ ಬೇಕೆಂದೇ ಸ್ವಲ್ಪ ಜಾಸ್ತಿ ಒತ್ತಿದೆವು. ಅಂತರ ಮೂವತ್ತು ಸೆಕೆಂಡ್ ದಾಟಿತು. ಹಳೆಯ ವಿಡಿಯೊಗಳಿಂದ ಅವಳು ಬರೆದಿಟ್ಟಿದ್ದ ಅಂಕಿಗಳೂ ಇದರ ಹತ್ತಿರವೇ ಇದ್ದವು. ಆ ಪುಟವನ್ನು ಹರಿಯಬೇಡ, "ಒತ್ತಿದ ಸ್ಥಿತಿ" ಎಂದು ಮೇಲೆ ಬರೆದು ಪ್ರಾಜೆಕ್ಟಿನಲ್ಲೇ ಇಡು ಎಂದೆ.

ಅದೇ ಕೊಳದ ನೀರಿನಲ್ಲಿ ಒಂದು ಸ್ಟೆಂಟರ್ ಸಿಕ್ಕಿತ್ತು. ತುತ್ತೂರಿ ಆಕಾರದ ದೊಡ್ಡ ಜೀವಿ, ಚಾಚಿಕೊಂಡರೆ 1 ಮಿ.ಮೀ. ಮುಟ್ಟುತ್ತದೆ. ಅದನ್ನೂ ಹೀಗೇ ಹಿಡಿಯಬೇಕೆಂದು ಅವಳ ಹಟ. 42 ಮೈಕ್ರಾನ್ ಕೋಣೆ ಅದಕ್ಕೆ ಸಮಾಧಿ. ಸೀಳಿದ್ದ ಆ ಕವರ್‌ಸ್ಲಿಪ್‌ನ ಚೂರುಗಳನ್ನು ಎರಡೆರಡು ಪೇರಿಸಿ ಕಂಬ ಮಾಡಿದೆವು. ಸುಮಾರು 0.29 ಮಿ.ಮೀ. ಎತ್ತರ ಬಂತು. ಸ್ಟೆಂಟರ್ ಚಾಚಿಕೊಂಡಿತು. ಆದರೆ ಆ ಆಳದಲ್ಲಿ 40 ಎಕ್ಸ್ ಮತ್ತೆ ಮಂಜಾಯಿತು, 10 ಎಕ್ಸ್‌ನಲ್ಲೇ ನೋಡಬೇಕಾಯಿತು. ಈ ಸಲ ಯಾಕೆಂದು ಅವಳು ಕೇಳಲಿಲ್ಲ. ಮಾರ್ಕರ್ ತೆಗೆದುಕೊಂಡು ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲೆ "0.24, 4 ಎಕ್ಸ್ 10 ಎಕ್ಸ್ ಮಾತ್ರ" ಎಂದೂ, ಗಾಜಿನ ಪೆಟ್ಟಿಗೆಯ ಮೇಲೆ "0.146, ಮೇಲಿನ ನೀರೂ ಲೆಕ್ಕಕ್ಕೆ" ಎಂದೂ ಬರೆದಳು.